ಡಿಡಿ 9ರಿಂದ ಚಂದನಕ್ಕೆ: ಹಳೆಯ ವೀಕ್ಷಕನೊಬ್ಬನ ವಿಮರ್ಶೆ

ಖಾಸಗಿ ವಾಹಿನಿಯೊಂದರ ಹೆಸರು ಬದಲಾದರೆ ಸಾಮಾನ್ಯವಾಗಿ ಅದರ ಒಡೆತನವೂ ಬದಲಾಗಿರುತ್ತದೆ. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾದದ್ದು ಹಾಗೆಯೇ. ಇಂದು ಚಂದನ ಎನಿಸಿಕೊಂಡಿರುವ ಬೆಂಗಳೂರು ದೂರದರ್ಶನದ (ಡಿಡಿ) ಕಥೆ ಹಾಗಲ್ಲ. ಅದು ಮೊದಲಿನಿಂದಲೂ ಸರಕಾರದ ಕೂಸು, 1997ರಿಂದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿಯ ಅಧೀನದಲ್ಲಿದೆ. ಆದರೂ ಹೆಸರು ಮಾತ್ರ ಒಂದೇ ಆಗಿ ಉಳಿಯಲಿಲ್ಲ.

1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರ ಆರಂಭವಾದಾಗ ಅದಕ್ಕೆ ಪ್ರತ್ಯೇಕ ಹೆಸರಿನ ಅಗತ್ಯವೇ ಇರಲಿಲ್ಲ, ಏಕೆಂದರೆ ನೋಡಲು ಬೇರೆ ವಾಹಿನಿಯೇ ಇರಲಿಲ್ಲ. ಸಂಜೆಯ ಕೆಲವು ಗಂಟೆ ಕನ್ನಡ ಕಾರ್ಯಕ್ರಮಗಳು ಬರುತ್ತಿದ್ದವು, ರಾತ್ರಿಯಾಗುತ್ತಲೇ ದೆಹಲಿಯ ಪ್ರಸಾರ ಆ ಜಾಗವನ್ನು ಆಕ್ರಮಿಸುತ್ತಿತ್ತು. ತೊಂಬತ್ತರ ದಶಕದಲ್ಲಿ ಉಪಗ್ರಹದ ಮೂಲಕ ಕನ್ನಡಕ್ಕೇ ಮೀಸಲಾದ ವಾಹಿನಿ ದೊರೆತಾಗ ಅದನ್ನು ಡಿಡಿ 9 ಎಂದು ಕರೆದರು. ಕಡತದ ಕ್ರಮಸಂಖ್ಯೆಯಂತಿದ್ದ ಈ ಹೆಸರಿಗೆ ಎದುರಾಗಿ 1994ರಲ್ಲಿ ಉದಯ ಟಿವಿ ಬಂತು. ಹೆಸರಿನ ಮಟ್ಟಿಗಂತೂ ಅಲ್ಲಿ ಸ್ಪರ್ಧೆಯೇ ಇರಲಿಲ್ಲ. ಆಮೇಲೆ ಬಂದ 'ಚಂದನ' ಎಂಬ ಹೆಸರು, ನನ್ನ ಅಭಿಪ್ರಾಯದಲ್ಲಿ, ಈ ಕೇಂದ್ರ ಮಾಡಿಕೊಂಡ ಅತ್ಯುತ್ತಮ ಬದಲಾವಣೆ. ಅದರ ಮುಂದೆ 'ಡಿಡಿ' ಅಂಟಿಕೊಂಡೇ ಇದೆಯಾದರೂ ಮಾತಿನಲ್ಲಿ ಹೆಚ್ಚಿನವರು ಅದನ್ನು ಬಿಟ್ಟೇ ಹೇಳುತ್ತಾರೆ.

ಆದರೆ ವಾಹಿನಿಗೆ ನಿಜವಾದ ಗುರುತು ತಂದುಕೊಟ್ಟದ್ದು ಲಾಂಛನವಲ್ಲ, 2002ರಲ್ಲಿ ಆರಂಭವಾದ ರಸಪ್ರಶ್ನೆ ಕಾರ್ಯಕ್ರಮ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು ಅವಸರವಿಲ್ಲದೆ ಪ್ರಶ್ನೆ ಕೇಳುತ್ತಾರೆ, ಉತ್ತರ ಬಂದ ಮೇಲೆ ಅದರ ಹಿನ್ನೆಲೆಯನ್ನೂ ವಿವರಿಸುತ್ತಾರೆ, ಗೆದ್ದವರಿಗೆ ಬಹುಮಾನವಾಗಿ ಪುಸ್ತಕಗಳು ಸಿಗುತ್ತವೆ. ಹಣದ ಮೊತ್ತವನ್ನೇ ಆಕರ್ಷಣೆಯಾಗಿಸಿಕೊಂಡ ರಸಪ್ರಶ್ನೆಗಳ ಕಾಲದಲ್ಲಿ ಪುಸ್ತಕವನ್ನು ಬಹುಮಾನವಾಗಿಸಿ ಇಷ್ಟು ವರ್ಷ ನಡೆಯುವುದು ಸಾಮಾನ್ಯ ಸಂಗತಿಯಲ್ಲ. ಯಾವ ಜಾಹೀರಾತು ಸಂಸ್ಥೆಯೂ ರೂಪಿಸಿಕೊಡಲಾಗದ ವಿಶ್ವಾಸಾರ್ಹತೆಯನ್ನು ಈ ಒಂದು ಕಾರ್ಯಕ್ರಮ ಗಳಿಸಿಕೊಟ್ಟಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಗಳಿಗೆ ಇದೇ ವಾಹಿನಿ ವೇದಿಕೆಯಾದಾಗ, ಚಂದನವನ್ನು ಮರೆತಿದ್ದ ಮನೆಗಳಲ್ಲಿಯೂ ಅದರ ಹೆಸರು ಮತ್ತೆ ಕೇಳಿಸಿತು.

ಇನ್ನು ದೃಶ್ಯರೂಪದ ವಿಚಾರ. ದೂರದರ್ಶನದ ಕಣ್ಣಿನಾಕಾರದ ಚಿಹ್ನೆ, ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಸಂಯೋಜಿಸಿದ ಸಂಕೇತ ಸಂಗೀತ, ಇವೆರಡೂ ಎಷ್ಟು ಪ್ರಬಲವೆಂದರೆ ಅವುಗಳ ನೆರಳಿನಲ್ಲಿ ಪ್ರಾದೇಶಿಕ ಕೇಂದ್ರವೊಂದು ತನ್ನದೇ ಚಹರೆ ರೂಪಿಸಿಕೊಳ್ಳುವುದು ಕಷ್ಟ. ಚಂದನ ಆ ಕಷ್ಟವನ್ನು ಇನ್ನೂ ಪೂರ್ತಿ ದಾಟಿಲ್ಲವೆಂದೇ ನನಗನ್ನಿಸುತ್ತದೆ. ಶೀರ್ಷಿಕೆಗಳ ಅಕ್ಷರ ವಿನ್ಯಾಸ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬದಲಾಗುತ್ತದೆ, ಒಂದೇ ಮನೆಯದೆನಿಸುವುದಿಲ್ಲ.

ತಲುಪುವ ವಿಷಯದಲ್ಲಿ ದೂರುವಂಥದ್ದೇನಿಲ್ಲ. ದೂರದರ್ಶನದ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಶುಲ್ಕವಿಲ್ಲದೆ ಸಿಗುತ್ತದೆ, ತಪ್ಪಿದ ಕಾರ್ಯಕ್ರಮಗಳಿಗೆ ಯೂಟ್ಯೂಬ್ ಇದೆ. ಧಾರಾವಾಹಿಯ ರೋಚಕತೆ ಬಯಸುವವರಿಗೆ ಇದನ್ನು ಶಿಫಾರಸು ಮಾಡಲಾರೆ. ಕೃಷಿ, ಶಾಸ್ತ್ರೀಯ ಸಂಗೀತ ಮತ್ತು ಕೂಗಾಟವಿಲ್ಲದ ವಾರ್ತೆಗಾಗಿ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಉಳಿದ ಒಂದನ್ನು ಆ ಶೀರ್ಷಿಕೆಗಳಿಗಾಗಿ ಕಳೆದಿದ್ದೇನೆ.