ಟಾಟಾ ಟಿಯಾಗೊ: ಇಷ್ಟು ವರ್ಷ ಓಡಿಸಿದ ಮೇಲೆ ಹೇಳಬೇಕು ಅನಿಸಿದ್ದು

ನಮ್ಮದು 2017ರ ಟಾಟಾ ಟಿಯಾಗೊ. ಪೆಟ್ರೋಲ್, ಮ್ಯಾನುಯಲ್ ಗೇರ್, ಎಕ್ಸ್‌ಝೆಡ್ ಎಂಬ ಮೇಲಿನ ಮಾಡೆಲ್. ದಿನನಿತ್ಯ ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಟ. ರಜೆ ಸಿಕ್ಕರೆ ಯಲ್ಲಾಪುರ ದಾಟಿ ಅಂಕೋಲಾ, ಗೋಕರ್ಣದ ಕಡೆಗೆ. ಹೊಸ ಕಾರಿನ ವಿಮರ್ಶೆ ಎಲ್ಲ ಕಡೆ ಸಿಗುತ್ತದೆ, ಹಳೆಯದಾದ ಮೇಲೆ ಬರೆಯುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಕಾರು ತೆಗೆದುಕೊಳ್ಳುವಾಗ ಮನೆಯಲ್ಲಿ, ಓಣಿಯಲ್ಲಿ, ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. 'ಟಾಟಾ ಯಾಕ್ರಿ? ಟ್ಯಾಕ್ಸಿ ಬಿಡೋರ್ ಅದೀರೇನ್ರಿ?' ನಮ್ಮ ಮಾವನವರು ಇನ್ನೂ ನೇರವಾಗಿ ಹೇಳಿದರು: 'ಲಾರಿ ಬೇಕಂದ್ರ ಟಾಟಾ ತಗೋರಿ, ಕಾರ್ ಬೇಕಂದ್ರ ಬ್ಯಾರೆ ನೋಡ್ರಿ.' ಮಾವನವರ ಮಾತಿನಲ್ಲಿ ದೊಡ್ಡ ಸತ್ಯ ಇತ್ತು. ಅದು ಎಲ್ಲಿಂದ ಬಂತು ಅನ್ನೋದನ್ನು ಹೇಳದೆ ಟಿಯಾಗೊ ಬಗ್ಗೆ ಬರೆದರೆ ಅರ್ಧ ಮಾತ್ರ ಹೇಳಿದ ಹಾಗೆ.

ಟಾಟಾ ಲಾರಿಯನ್ನು ನಮ್ಮ ಕಡೆ ಯಾರೂ ಅನುಮಾನದಿಂದ ನೋಡುವುದಿಲ್ಲ. 1954ರಲ್ಲಿ ಬೆಂಜ್ ಕಂಪನಿ ಜೊತೆ ಸೇರಿ ಟೆಲ್ಕೊ (ಟಾಟಾ ಮೋಟಾರ್ಸ್‌ನ ಹಳೆಯ ಹೆಸರು) ಲಾರಿ ಮಾಡಲು ಶುರು ಮಾಡಿದಾಗಿನಿಂದ 'ಟಾಟಾ ಬೆಂಜ್' ಅನ್ನೋದು ಗಟ್ಟಿತನಕ್ಕೇ ಇನ್ನೊಂದು ಹೆಸರು. ಧಾರವಾಡದಲ್ಲಿ ಟಾಟಾ ಮಾರ್ಕೊಪೋಲೊ ಅಂತ ಶುರುವಾದ ಕಾರ್ಖಾನೆಯಲ್ಲಿ ಬಸ್ಸು ತಯಾರಾಗುವುದು ನಮಗೆಲ್ಲ ಗೊತ್ತು, ಅದರ ಬಗ್ಗೆ ಹೆಮ್ಮೆಯೂ ಇದೆ. ಆದರೆ ಲಾರಿಯವರು ಗಾಡಿ ನೋಡುವ ಕಣ್ಣೇ ಬೇರೆ. ಲಾರಿ ಸದ್ದು ಮಾಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಟ್ಟರೆ ಹೆದ್ದಾರಿ ಪಕ್ಕದ ಮಿಸ್ತ್ರಿ ಇದ್ದಾನೆ, ಬಿಡಿಭಾಗ ಪ್ರತಿ ಊರಲ್ಲೂ ಸಿಗುತ್ತದೆ. ಕಾರು ಕೊಳ್ಳುವವರು ಹಾಗಲ್ಲ. ಅವರಿಗೆ ಬಾನೆಟ್ ತೆಗೆಯುವ ಪ್ರಸಂಗವೇ ಬರಬಾರದು. ಬಾಗಿಲು ಹಾಕಿದಾಗ ಬರುವ ಸದ್ದಿನಿಂದಲೇ ಅವರು ಕಾರನ್ನು ಅಳೆಯುತ್ತಾರೆ.

ಇಂಡಿಕಾ ಸಿಕ್ಕಿಬಿದ್ದಿದ್ದು ಇಲ್ಲೇ. 1998ರ ಜನವರಿಯಲ್ಲಿ ದೆಹಲಿಯ ಆಟೊ ಎಕ್ಸ್‌ಪೋದಲ್ಲಿ ತೋರಿಸಿದರು, ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಭಾರತದ ಕಂಪನಿಯೊಂದು ತಾನೇ ಮುಂದೆ ನಿಂತು ರೂಪಿಸಿದ ಮೊದಲ ಸಣ್ಣ ಕಾರು. ಚಿಕ್ಕ ಕಾರಿನ ಬೆಲೆಗೆ ಒಳಗೆ ದೊಡ್ಡ ಜಾಗ, ಜೊತೆಗೆ ಡೀಸೆಲ್ ಎಂಜಿನ್. ಜನ ಮುಗಿಬಿದ್ದು ಬುಕ್ ಮಾಡಿದರು. ಆಮೇಲೆ ದೂರು ಬರತೊಡಗಿದವು. ಸದ್ದು, ನಡುಕ, ಬೇಗ ಸವೆಯುವ ಭಾಗಗಳು. ಕಂಪನಿ ಕ್ಯಾಂಪ್ ಮಾಡಿ ಭಾಗಗಳನ್ನು ಬದಲಾಯಿಸಿಕೊಟ್ಟಿತು, 2001ರಲ್ಲಿ ತಿದ್ದಿದ ಇಂಡಿಕಾ ವಿ2 ತಂದಿತು. ನಡುವೆ 1999ರಲ್ಲಿ ಕಾರಿನ ವ್ಯವಹಾರವನ್ನೇ ಫೋರ್ಡ್‌ಗೆ ಮಾರುವ ಮಾತುಕತೆ ಕೂಡ ನಡೆದಿತ್ತು. ಅದೇ ಫೋರ್ಡ್‌ನಿಂದ 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಅನ್ನು 230 ಕೋಟಿ ಡಾಲರ್‌ಗೆ ಟಾಟಾ ಕೊಂಡುಕೊಂಡಿತು.

ವಿ2 ನಿಜಕ್ಕೂ ಒಳ್ಳೆಯ ಕಾರು ಎಂದೇ ನನ್ನ ಅಭಿಪ್ರಾಯ. ನಮ್ಮ ದೊಡ್ಡಪ್ಪನವರ ವಿ2 ಡೀಸೆಲ್ ವರ್ಷಗಟ್ಟಲೆ ಕುಟುಂಬವನ್ನು ಹೊತ್ತು ತಿರುಗಿತು, ಮದುವೆ, ಆಸ್ಪತ್ರೆ, ಜಾತ್ರೆ ಎಲ್ಲದಕ್ಕೂ ಅದೇ. ಆದರೆ ಹೊತ್ತು ಮೀರಿತ್ತು. ಡೀಸೆಲ್ ಖರ್ಚು ಕಡಿಮೆ, ಜಾಗ ಜಾಸ್ತಿ ಅಂತ ಟ್ಯಾಕ್ಸಿಯವರು ಇಂಡಿಕಾವನ್ನು ತಮ್ಮದಾಗಿಸಿಕೊಂಡರು. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕಾಲ್ ಸೆಂಟರ್ ಕ್ಯಾಬ್ ಅಂದರೆ ಇಂಡಿಕಾ ಅಥವಾ ಸುಮೊ ಕಣ್ಣಿಗೆ ಬರುತ್ತಿದ್ದ ಕಾಲ ಅದು. ದಿನವಿಡೀ ಓಡಿ ದಣಿದ ಹಳದಿ ಬೋರ್ಡ್ ಕಾರಿನಲ್ಲಿ ಕುಳಿತು ಜನ ಟಾಟಾ ಕಾರನ್ನು ಅಳೆದರು. ಹಗಲೂ ರಾತ್ರಿ ಅಷ್ಟು ಓಡಿದರೂ ಅದು ನಿಲ್ಲಲಿಲ್ಲ ಅನ್ನೋದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಆಮೇಲೆ ನ್ಯಾನೊ. 2008ರಲ್ಲಿ ತೋರಿಸಿದಾಗ ಜಗತ್ತೇ ತಿರುಗಿ ನೋಡಿತು. ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಗುಜರಾತಿನ ಸಾನಂದ್‌ಗೆ ಹೋಯಿತು. ಕೆಲವು ನ್ಯಾನೊಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ನ್ಯಾನೊಗೆ ಸುರಕ್ಷತೆಯಲ್ಲಿ ಐದಕ್ಕೆ ಸೊನ್ನೆ ಸ್ಟಾರ್ ಬಂತು. ಅವತ್ತು ಸೊನ್ನೆ ಪಡೆದದ್ದು ನ್ಯಾನೊ ಒಂದೇ ಅಲ್ಲ, ಬೇರೆ ಹೆಸರಾಂತ ಕಂಪನಿಗಳ ಕಾರುಗಳೂ ಇದ್ದವು. ಆದರೆ 'ಅಗ್ಗದ ಕಾರು' ಅನ್ನೋ ಹಣೆಪಟ್ಟಿ ಇದ್ದದ್ದು ನ್ಯಾನೊಗೆ ಮಾತ್ರ. ಅಗ್ಗ ಅಂದರೆ ಕಳಪೆ ಅಂತ ಜನ ತೀರ್ಮಾನ ಮಾಡಿಬಿಟ್ಟರು.

ಇಷ್ಟೆಲ್ಲ ಹೊರೆ ಹೊತ್ತುಕೊಂಡು 2016ರ ಏಪ್ರಿಲ್‌ನಲ್ಲಿ ಟಿಯಾಗೊ ಬಂತು. ಮೊದಲು ಇಟ್ಟ ಹೆಸರು ಝೀಕಾ. ಅದೇ ಹೊತ್ತಿಗೆ ಝೀಕಾ ವೈರಸ್ ಹರಡಿದ್ದರಿಂದ ಹೆಸರು ಬದಲಾಯಿಸಿದರು. ನ್ಯಾನೊಗಾಗಿ ಕಟ್ಟಿದ ಸಾನಂದ್ ಕಾರ್ಖಾನೆಯಲ್ಲೇ ಟಿಯಾಗೊ ತಯಾರಾಗುತ್ತದೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಕಾರಿನ ವಿಷಯಕ್ಕೆ ಬರೋಣ. 1.2 ಲೀಟರ್, ಮೂರು ಸಿಲಿಂಡರ್‌ನ ರೆವೊಟ್ರಾನ್ ಎಂಜಿನ್, 85 ಪಿಎಸ್ ಶಕ್ತಿ. ಮೂರು ಸಿಲಿಂಡರ್ ಎಂದರೆ ಯಾವ ಕಂಪನಿಯದ್ದಾದರೂ ಸಿಗ್ನಲ್‌ನಲ್ಲಿ ನಿಂತಾಗ ಸಣ್ಣ ನಡುಕ ಇದ್ದೇ ಇರುತ್ತದೆ. ನಾಲ್ಕು ಸಿಲಿಂಡರ್ ಕಾರಿನಿಂದ ಬಂದವರಿಗೆ ಮೊದಲ ವಾರ ಅದು ಗೊತ್ತಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ಊರೊಳಗೆ ಲೀಟರಿಗೆ 14-15, ಹೆದ್ದಾರಿಯಲ್ಲಿ ಸಮಾಧಾನವಾಗಿ ಹೋದರೆ 19ರ ಆಸುಪಾಸು ಕೊಡುತ್ತದೆ. ಜಾಹೀರಾತಿನಲ್ಲಿ ಹೇಳುತ್ತಿದ್ದ 23.84 ಟೆಸ್ಟಿಂಗ್ ಲ್ಯಾಬಿನ ಲೆಕ್ಕ, ರಸ್ತೆಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಟ್ಯಾಂಕ್ 35 ಲೀಟರ್ ಅಷ್ಟೇ, ದೂರದ ಪ್ರಯಾಣಕ್ಕೆ ಇನ್ನೂ ಐದು ಲೀಟರ್ ಹಿಡಿಯುವಂತಿದ್ದರೆ ಚೆನ್ನಾಗಿತ್ತು.

ಈ ಕಾರಿನ ನಿಜವಾದ ಗುಣ ಗೊತ್ತಾಗುವುದು ಕೆಟ್ಟ ರಸ್ತೆಯಲ್ಲಿ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಗುಂಡಿಯಲ್ಲಿ ಚಕ್ರ ಇಳಿದಾಗ 'ದಪ್' ಎಂಬ ಒಂದು ಗಟ್ಟಿ ಸದ್ದು, ಅಲ್ಲಿಗೆ ಮುಗಿಯಿತು. ಸೊಂಟಕ್ಕೆ ಹೊಡೆತ ಬರುವುದಿಲ್ಲ, ಡ್ಯಾಶ್‌ಬೋರ್ಡ್ ಲಟಲಟ ಅನ್ನುವುದಿಲ್ಲ. ಇಷ್ಟು ವರ್ಷದ ನಂತರವೂ ಬಾಗಿಲು ಹಾಕಿದರೆ ಮೊದಲಿನ ಹಾಗೇ ತುಂಬಿದ ಸದ್ದು. ಅರಬೈಲ್ ಘಟ್ಟದಲ್ಲಿ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡವರಿಗೆ ಆ ತಿರುವುಗಳು ಗೊತ್ತು. ಇಳಿಯುವಾಗ ಕಾರು ರಸ್ತೆಯನ್ನು ಹಿಡಿದುಕೊಂಡು ಹೋಗುತ್ತದೆ, ಭಯವೇ ಆಗುವುದಿಲ್ಲ. ಹತ್ತುವಾಗ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಎರಡನೇ ಗೇರ್‌ಗೆ ಇಳಿಸಲೇಬೇಕು. ಪಿಕಪ್ ಬೇಕು ಅನ್ನುವವರ ಕಾರು ಇದಲ್ಲ.

ಹಾರ್ಮನ್ ಕಂಪನಿಯ ಎಂಟು ಸ್ಪೀಕರ್‌ನ ಸೌಂಡ್ ಸಿಸ್ಟಂ ಬಗ್ಗೆ ಒಂದು ಮಾತು. ಈ ಬೆಲೆಯ ಕಾರಿನಲ್ಲಿ ಇಂಥದ್ದನ್ನು ಕೊಟ್ಟಿದ್ದು ಆಗ ದೊಡ್ಡ ವಿಷಯ. ಭೀಮಸೇನ ಜೋಶಿಯವರನ್ನು ಕೇಳುತ್ತಾ ಬೆಳಗಿನ ಜಾವ ಹೊರಟರೆ ತಂಬೂರಿಯ ಶ್ರುತಿ ಕೂಡ ಬಿಡಿಯಾಗಿ ಕೇಳಿಸುತ್ತದೆ.

ಬದಲಾಯಿಸಿದ್ದು ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ವೈಪರ್. ಯಾವ ಕಾರಿಗಾದರೂ ಇಷ್ಟು ಆಗುತ್ತದೆ. ದಾರಿಯಲ್ಲಿ ನಿಲ್ಲಿಸಿಲ್ಲ. ಹಳೆಯ ಅನುಮಾನ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟನ್ನೇ.

ಆದರೆ ನನ್ನ ಒಂದು ಕಾರು ಚೆನ್ನಾಗಿದ್ದ ಮಾತ್ರಕ್ಕೆ ಕಂಪನಿಯ ಹೆಸರು ಬದಲಾಗುವುದಿಲ್ಲ. ಬದಲಾಯಿಸಿದ್ದು ಕ್ರ್ಯಾಶ್ ಟೆಸ್ಟ್. ಟಾಟಾ ಝೆಸ್ಟ್ ಏರ್‌ಬ್ಯಾಗ್ ಇಲ್ಲದೆ ಸೊನ್ನೆ ಪಡೆಯಿತು, ತಿದ್ದಿ ಏರ್‌ಬ್ಯಾಗ್ ಹಾಕಿದ ಮೇಲೆ 2016ರಲ್ಲಿ ನಾಲ್ಕು ಸ್ಟಾರ್ ತಂದಿತು. 2018ರ ಆಗಸ್ಟ್‌ನಲ್ಲಿ ನೆಕ್ಸಾನ್‌ಗೆ ನಾಲ್ಕು ಸ್ಟಾರ್ ಬಂತು. ಸಾಕು ಅಂತ ಸುಮ್ಮನಿರಬಹುದಿತ್ತು. ಸುಮ್ಮನಿರದೆ ತಿದ್ದಿ ಮತ್ತೆ ಕಳಿಸಿದರು, ಡಿಸೆಂಬರ್‌ನಲ್ಲಿ ಐದು ಸ್ಟಾರ್ ಬಂತು. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರಿಗೆ ಗ್ಲೋಬಲ್ ಎನ್‌ಕ್ಯಾಪ್‌ನಿಂದ ಐದು ಸ್ಟಾರ್ ಬಂದಿದ್ದು ಅದೇ ಮೊದಲು. ಮುಂದೆ ಆಲ್ಟ್ರೋಜ್, ಪಂಚ್ ಕೂಡ ಅದೇ ದಾರಿ ಹಿಡಿದವು. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪಂಚ್, ಎರಡು ಲಕ್ಷಕ್ಕೂ ಹೆಚ್ಚು. ದಶಕಗಳಿಂದ ಮಾರುತಿ ಬಿಟ್ಟುಕೊಡದ ಜಾಗ ಅದು.

'ನಮ್ಮ ಕಾರು ಗಟ್ಟಿ' ಅಂತ ಕಂಪನಿ ಎಷ್ಟು ಸಲ ಹೇಳಿದರೂ ಜನ ನಂಬುತ್ತಿರಲಿಲ್ಲ. ಟಾಟಾಗೆ ಸಂಬಂಧವಿಲ್ಲದವರು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ, ವಿಡಿಯೊ ತೋರಿಸಿ, ಅಂಕ ಕೊಟ್ಟರು. ಅದನ್ನು ಜನ ನಂಬಿದರು. ಹ್ಯುಂಡೈ ಅಮೆರಿಕದಲ್ಲಿ ಇದೇ ಕಷ್ಟ ಪಟ್ಟಿತ್ತು. 1986ರಲ್ಲಿ ಎಕ್ಸೆಲ್ ಎಂಬ ಕಾರನ್ನು 4,995 ಡಾಲರ್‌ಗೆ ಮಾರಿತು. ಕಾರುಗಳು ಬೇಗ ಕೆಟ್ಟು ಹೆಸರು ನಗೆಪಾಟಲಾಯಿತು. 1998ರಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಕೆಟ್ಟರೆ ಖರ್ಚು ನಮ್ಮದು ಅಂದ ಮೇಲೆ ಕಾರ್ಖಾನೆಯಲ್ಲಿ ಚೆನ್ನಾಗಿ ಮಾಡದೆ ಬೇರೆ ದಾರಿ ಇಲ್ಲ. ಇದು ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಅದೇ 1998ರಲ್ಲಿ ಸ್ಯಾಂಟ್ರೊ ಮೂಲಕ ಭಾರತಕ್ಕೆ ಬಂದ ಹ್ಯುಂಡೈಗೆ ಇಲ್ಲಿ ಮೊದಲ ದಿನದಿಂದಲೂ ಒಳ್ಳೆಯ ಹೆಸರು.

ಟ್ಯಾಕ್ಸಿ ಹಣೆಪಟ್ಟಿಯನ್ನು ಟಾಟಾ ಬೇರೆ ರೀತಿಯಲ್ಲಿ ಕಳಚಿತು. 2018ರಲ್ಲಿ ಇಂಡಿಕಾ, ಇಂಡಿಗೊ ಎರಡನ್ನೂ ನಿಲ್ಲಿಸಿತು. 2021ರಲ್ಲಿ ಟ್ಯಾಕ್ಸಿ ಮತ್ತು ಫ್ಲೀಟ್‌ನವರಿಗಾಗಿಯೇ 'ಎಕ್ಸ್‌ಪ್ರೆಸ್' ಅಂತ ಪ್ರತ್ಯೇಕ ಹೆಸರು ಮಾಡಿತು. ಅದೇ ವರ್ಷ ಸಫಾರಿ ಹೆಸರನ್ನು ಹೊಸ ಕಾರಿಗೆ ಇಟ್ಟಿತು, 2025ರಲ್ಲಿ ಸಿಯೆರಾ ಕೂಡ ವಾಪಸ್ ಬಂತು. ಜನ ಪ್ರೀತಿಯಿಂದ ನೆನೆಯುವ ಹೆಸರುಗಳು ಮರಳಿದವು, ಇಂಡಿಕಾ ಮರಳಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಅಷ್ಟು ದುಡಿದ ಕಾರಿಗೆ ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಇನ್ನೂ ಪೂರ್ತಿ ಕಳಚದ ಹೆಸರು ಒಂದಿದೆ, ಅದು ಸರ್ವೀಸ್‌ನದು. ಟಾಟಾ ಕಾರು ಇಷ್ಟ, ಸರ್ವೀಸ್ ಬಗ್ಗೆ ಭಯ ಅನ್ನುವವರು ಈಗಲೂ ಸಿಗುತ್ತಾರೆ. ಕಾರಣ ಕಷ್ಟದ್ದೇನಲ್ಲ. ಕಾರ್ಖಾನೆಯಲ್ಲಿ ಒಂದು ಸಲ ತಿದ್ದಿದರೆ ಮುಂದಿನ ಕಾರೆಲ್ಲ ತಿದ್ದಿದಂತೆಯೇ ಬರುತ್ತವೆ. ಸರ್ವೀಸ್ ನಡೆಸುವವರು ಡೀಲರ್‌ಗಳು, ಊರಿಗೊಬ್ಬರು. ಅಲ್ಲಿ ಕೆಲಸ ಕಲಿತ ಹುಡುಗ ಬಿಟ್ಟು ಹೋದರೆ ಮತ್ತೆ ಮೊದಲಿನಿಂದ ಶುರು. ಸ್ಟಾರ್ ಕೊಡುವ ಹೊರಗಿನವರು ಇಲ್ಲಿ ಯಾರೂ ಇಲ್ಲ. ಸ್ಕೋಡಾಗೆ ಭಾರತದಲ್ಲಿ ಅಂಟಿದ್ದೂ ಸರ್ವೀಸ್ ಖರ್ಚಿನ ಅಪವಾದವೇ. 2021ರಲ್ಲಿ ಬಂದ ಕುಶಾಕ್‌ಗೆ ನಾಲ್ಕು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ ಕೊಟ್ಟು ಅದನ್ನು ತೊಳೆದುಕೊಳ್ಳಲು ಹೊರಟರು.

ನನಗೆ ಸರ್ವೀಸ್‌ನಲ್ಲಿ ತೊಂದರೆ ಆಗಿಲ್ಲ, ಅದಕ್ಕೆ ನಾನು ರೂಢಿಸಿಕೊಂಡ ಕ್ರಮವೂ ಕಾರಣ ಇರಬಹುದು. ಕಾರು ಬಿಡುವಾಗ ಏನೇನು ನೋಡಬೇಕು ಅನ್ನೋದನ್ನು ಜಾಬ್ ಕಾರ್ಡಿನಲ್ಲಿ ಬರೆಸುತ್ತೇನೆ. ಸದ್ದು ಏನಾದರೂ ಇದ್ದರೆ ಸರ್ವೀಸ್ ಅಡ್ವೈಸರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಕೇಳಿಸುತ್ತೇನೆ. ಹಳೆಯ ಭಾಗ ತೋರಿಸಿ ಅನ್ನುತ್ತೇನೆ. ಪ್ರತಿ ಸಲ ಅದೇ ವ್ಯಕ್ತಿಯ ಹತ್ತಿರ ಹೋಗುತ್ತೇನೆ, ಅವರಿಗೂ ಕಾರು ಗುರುತಾಗಿದೆ.

ಸೆಕೆಂಡ್ ಹ್ಯಾಂಡ್ ಟಿಯಾಗೊ ಹುಡುಕುವವರಿಗೆ ಒಂದು ಮುಖ್ಯ ಮಾತು. ನನ್ನ ಕಾರಿನ ಕಾಲದಲ್ಲಿ ಕೆಳಗಿನ ಮಾಡೆಲ್‌ಗಳಲ್ಲಿ ಏರ್‌ಬ್ಯಾಗ್ ಎಲ್ಲದಕ್ಕೂ ಬರುತ್ತಿರಲಿಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಟಿಯಾಗೊಗೆ ದೊಡ್ಡವರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ಸ್ಟಾರ್ ಬಂದಿದ್ದು 2020ರ ಜನವರಿಯಲ್ಲಿ, ಎರಡು ಏರ್‌ಬ್ಯಾಗ್ ಇರುವ ಕಾರಿಗೆ. ಆ ಸ್ಟಾರ್ ತೋರಿಸಿ 2016-17ರ ಕೆಳಗಿನ ಮಾಡೆಲ್ ಮಾರಲು ಬಂದರೆ ಒಪ್ಪಬೇಡಿ. ಬೆಲೆ ಸ್ವಲ್ಪ ಜಾಸ್ತಿ ಆದರೂ 2020ರ ನಂತರದ್ದನ್ನೇ ನೋಡಿ. ಅದಕ್ಕೂ ಹಿಂದಿನದಾದರೆ ಸ್ಟಿಯರಿಂಗ್ ಮೇಲೆ ಮತ್ತು ಪಕ್ಕದ ಸೀಟಿನ ಎದುರು ಏರ್‌ಬ್ಯಾಗ್ ಗುರುತು ಇದೆಯಾ ನೋಡಿಕೊಂಡೇ ಮಾತಿಗೆ ಕೂರಿ.