ಗರ್ಭಿಣಿ ಇರುವ ಮನೆಗೊಂದು ಬಿ.ಪಿ. ಯಂತ್ರ: ಬಳಸಿ ನೋಡಿದ ಗಂಡನೊಬ್ಬನ ವಿಮರ್ಶೆ

ಮೇಲ್ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನಾಗಿಯೇ ಗಾಳಿ ತುಂಬಿಕೊಂಡು, ಅರ್ಧ ನಿಮಿಷದ ಆಸುಪಾಸಿನಲ್ಲಿ ರಕ್ತದೊತ್ತಡವನ್ನೂ ನಾಡಿ ಬಡಿತವನ್ನೂ ಪರದೆಯ ಮೇಲೆ ತೋರಿಸುವ ಡಿಜಿಟಲ್ ಯಂತ್ರವನ್ನು ನಮ್ಮ ಮನೆಯಲ್ಲಿ ಬಳಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಔಷಧಿ ಅಂಗಡಿಗಳಲ್ಲಿ ಎರಡು ಸಾವಿರ ರೂಪಾಯಿಯ ಆಚೀಚೆ ದೊರೆಯುವ ಈ ಬಗೆಯ ಯಂತ್ರವನ್ನು ಅನೇಕ ಕಂಪನಿಗಳು ತಯಾರಿಸುತ್ತವೆ. ನಾನು ಹೇಳಬೇಕೆಂದಿರುವುದು ಒಂದು ಕಂಪನಿಗಿಂತ ಈ ಬಗೆಯ ಯಂತ್ರಕ್ಕೇ ಹೆಚ್ಚು ಅನ್ವಯಿಸುವುದರಿಂದ ಹೆಸರನ್ನು ಬರೆಯುತ್ತಿಲ್ಲ. ಗರ್ಭಿಣಿ ಇರುವ ಮನೆಯವರು ಇದನ್ನು ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಯಾವುದನ್ನು ಕೊಳ್ಳಬೇಕು, ಹೇಗೆ ಹಿಡಿಯಬೇಕು, ಪರದೆಯ ಅಂಕಿಯನ್ನು ಯಾರ ಬಳಿ ಒಯ್ಯಬೇಕು ಎಂಬುದು ತಿಳಿಯದೆ ಕೊಂಡರೆ ಅದು ಸುಳ್ಳು ಧೈರ್ಯವನ್ನು ಕೊಡುವ ವಸ್ತುವೂ ಆಗಬಹುದು.

ನನ್ನ ಹೆಂಡತಿಗೆ ಅದು ಚೊಚ್ಚಲ ಬಸುರು. ಸೀಮಂತ ಮುಗಿಸಿಕೊಂಡು ಆಕೆ ಗೋಕಾಕ ತಾಲ್ಲೂಕಿನ ತನ್ನ ತವರಿಗೆ ಹೋದಳು. ನಾನು ಕೆಲಸದ ನಿಮಿತ್ತ ಧಾರವಾಡದಲ್ಲೇ ಉಳಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತೆಂದು ತಾಯಿ ಕಾರ್ಡು ಹೇಳುತ್ತಿತ್ತು. ಆದರೆ ಆ ಕಾರ್ಡಿನಲ್ಲಿ ಬಿ.ಪಿ. ಬರೆಯುವ ಸಾಲನ್ನು ನೋಡಿದರೆ ಪ್ರತಿ ಭೇಟಿಯಲ್ಲೂ 120/80 ಎಂಬ ಒಂದೇ ಅಂಕಿ ಇತ್ತು. ಜೀವಂತ ಮನುಷ್ಯನ ರಕ್ತದೊತ್ತಡ ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದೇ ಆಗಿರುವುದಿಲ್ಲ, ತಿಂಗಳುಗಟ್ಟಲೆ ಇರುವುದಂತೂ ಸಾಧ್ಯವೇ ಇಲ್ಲ. ನಾವು ಹೋಗುತ್ತಿದ್ದ ನರ್ಸಿಂಗ್ ಹೋಮಿನಲ್ಲಿ ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಆಕೆ ಮಾತಾಡುತ್ತಿರುವಾಗಲೇ ಗಾಳಿ ಬಿಟ್ಟು, ರೂಢಿಯ ಅಂಕಿಯನ್ನು ಬರೆದು ಕಳಿಸುತ್ತಿದ್ದರು. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ, ಸ್ಕ್ಯಾನಿಂಗ್ ಎಲ್ಲದರ ಬಗ್ಗೆಯೂ ಮನೆಯಲ್ಲಿ ಚರ್ಚೆಯಾಗುತ್ತದೆ. ಈ ಒಂದು ಅಂಕಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಂತ್ರವನ್ನು ಕೊಂಡು ಅವಳ ಜೊತೆ ತವರಿಗೆ ಕಳಿಸಿದ್ದಕ್ಕೆ ಆ ಸಾಲೇ ಕಾರಣ.

33 ವಾರ ತುಂಬಿ 34ನೆಯದು ನಡೆಯುತ್ತಿದ್ದಾಗ ಒಂದು ರಾತ್ರಿ ಹೆಂಡತಿಯ ತಮ್ಮ ಪರದೆಯ ಫೋಟೋವನ್ನು ಕಳಿಸಿದ. ಮೇಲಿನ ಅಂಕಿ 148, ಕೆಳಗಿನದು 96. ಐದು ನಿಮಿಷ ಕೂರಿಸಿ ಮತ್ತೆ ಹಿಡಿಯಲು ಹೇಳಿದೆ, 152/98 ಬಂತು. ಆಕೆಗೆ ತಲೆನೋವಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ, ಊಟ ಸೇರುತ್ತಿತ್ತು. ಕಾಲು ಬಾತಿತ್ತು, ಆದರೆ ದಿನ ತುಂಬುತ್ತಿರುವ ಬಸುರಿಗೆ ಕಾಲು ಬಾವು ಬರುವುದು ಸಹಜವೆಂದು ಅತ್ತೆಯವರು ಹೇಳಿದ್ದೂ ಸುಳ್ಳಲ್ಲ, ಎಷ್ಟೋ ಜನರಿಗೆ ಅದು ನಿಜಕ್ಕೂ ಸಹಜವೇ. ಬೆರಳಿನ ಉಂಗುರ ಬಿಗಿಯಾಗಿರುವುದನ್ನೂ ಮುಖ ತುಂಬಿಕೊಂಡಿರುವುದನ್ನೂ ಸಹ ಮೈ ಕೈ ತುಂಬಿಕೊಂಡ ಲಕ್ಷಣವೆಂದೇ ಎಲ್ಲರೂ ಸಂತೋಷಪಟ್ಟಿದ್ದರು. ಆ ರಾತ್ರಿ ಆ ಮನೆಯಲ್ಲಿ ಅಪಾಯವನ್ನು ಹೇಳಿದ್ದು ಆ ಎರಡು ಅಂಕಿಗಳು ಮಾತ್ರ.

ಗರ್ಭಧಾರಣೆಯ 20 ವಾರಗಳ ನಂತರ ಹೊಸದಾಗಿ ಬಿ.ಪಿ. 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೊಟೀನ್ ಕಾಣಿಸಿಕೊಂಡರೆ ಅಥವಾ ಯಕೃತ್ತು, ಮೂತ್ರಪಿಂಡ, ರಕ್ತದ ಪ್ಲೇಟ್‌ಲೆಟ್‌ಗಳ ಮೇಲೆ ಪರಿಣಾಮವಾದರೆ ವೈದ್ಯರು ಅದನ್ನು ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ನಮ್ಮ ಕಡೆಯ ಹಿರಿಯರು ನಂಜು ಎನ್ನುವುದು ಇದಕ್ಕೇ. ಇದರ ಮೂಲ ಮಾಸಿನಲ್ಲಿದೆ. ಮಾಸು ಹೊರಬೀಳುವವರೆಗೆ, ಅಂದರೆ ಹೆರಿಗೆಯಾಗುವವರೆಗೆ, ರೋಗವನ್ನು ಹಿಡಿತದಲ್ಲಿ ಇಡಬಹುದೇ ಹೊರತು ವಾಸಿ ಮಾಡಲಾಗದು. 160/110 ತಲುಪಿದರೆ ಅದು ತುರ್ತು ಪರಿಸ್ಥಿತಿ. ತಾಯಿಗೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು, ಮಗುವಿಗೆ ರಕ್ತ ಸಂಚಾರ ಕುಂದಬಹುದು. ಉಪ್ಪು ಬಿಟ್ಟು ಮಲಗಿಬಿಟ್ಟರೆ ಇದು ಇಳಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಅಂದು ನಮಗೆ ಸಿಕ್ಕ ಮೊದಲ ಸಲಹೆಯೇ ಅದಾಗಿತ್ತು. ಬೆಳಗಾಗುವುದಕ್ಕೂ ಕಾಯದೆ ಅವಳನ್ನು ಗೋಕಾಕಿನ ವೈದ್ಯರ ಬಳಿ ಕರೆದೊಯ್ದರು; ಮೂತ್ರ ಪರೀಕ್ಷೆಯ ಪಟ್ಟಿ ಎರಡು ಪ್ಲಸ್ ತೋರಿಸಿತು; ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಕಡೆಯೇ ದಾಖಲಾಗಬೇಕೆಂದು ಅವರು ಬೆಳಗಾವಿಗೆ ಬರೆದುಕೊಟ್ಟರು.

ಯಂತ್ರದ ಮೊದಲ ಕೊರತೆ ಬೆಳಗಾವಿಯಲ್ಲಿ ಕಂಡಿತು. ಮನೆಯದು 152/98 ಎನ್ನುತ್ತಿದ್ದ ಕಡೆ ಆಸ್ಪತ್ರೆಯ ಪಾದರಸದ ಮಾಪಕದಲ್ಲಿ ವೈದ್ಯರು ಕಿವಿಗೊಟ್ಟು ಹಿಡಿದಾಗ 160/104 ಬಂತು. ಮನೆಯ ಯಂತ್ರಗಳು ರಕ್ತನಾಳದ ಸದ್ದನ್ನು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿಯ ಕಂಪನವನ್ನು ಅಳೆದು, ಅದರಿಂದ ಲೆಕ್ಕ ಹಾಕಿ ಅಂಕಿ ಕೊಡುತ್ತವೆ. ಈ ರೋಗದಲ್ಲಿ ರಕ್ತನಾಳಗಳ ಗುಣವೇ ಬದಲಾಗುವುದರಿಂದ ಸಾಮಾನ್ಯರಿಗೆ ಸರಿಯಾಗಿ ತೋರಿಸುವ ಯಂತ್ರವೂ ಇಲ್ಲಿ ಕಡಿಮೆ ತೋರಿಸಬಹುದು ಎಂದು ಅಲ್ಲಿನ ವೈದ್ಯೆ ವಿವರಿಸಿದರು. ಆದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲೆ ‘ವೈದ್ಯಕೀಯವಾಗಿ ಪರೀಕ್ಷಿತ’ ಎಂದಿದ್ದರೆ ಸಾಲದು, ಆ ಮಾದರಿಯನ್ನು ಗರ್ಭಿಣಿಯರಲ್ಲೇ ಪರೀಕ್ಷಿಸಲಾಗಿದೆಯೇ ಎಂದು ನೋಡಬೇಕು. ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹಾಗೆ ಪರೀಕ್ಷೆಗೊಳಗಾದ ಮಾದರಿಗಳ ಪಟ್ಟಿಯನ್ನು ಗರ್ಭಿಣಿಯರಿಗೆಂದೇ ಪ್ರತ್ಯೇಕವಾಗಿ ಪ್ರಕಟಿಸುತ್ತದೆ ಮತ್ತು ಅದನ್ನು ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿರುವ ಮಾದರಿ ನಿಮ್ಮೂರಿನಲ್ಲಿ ಸಿಗದಿದ್ದರೆ, ಸಿಕ್ಕ ಯಂತ್ರವನ್ನು ಒಮ್ಮೆ ಆಸ್ಪತ್ರೆಗೆ ಒಯ್ದು ಅವರ ಮಾಪಕದ ಪಕ್ಕದಲ್ಲಿಟ್ಟು ಹೋಲಿಸಿಕೊಳ್ಳಿ, ವ್ಯತ್ಯಾಸವನ್ನು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿಡಿ. ಮಣಿಕಟ್ಟಿಗೆ ಕಟ್ಟುವ ಪುಟ್ಟ ಯಂತ್ರಗಳು ನೋಡಲು ಚೆಂದ, ಪ್ರಯಾಣಕ್ಕೂ ಸುಲಭ, ಆದರೆ ಗರ್ಭಿಣಿಗೆ ಅವು ಬೇಡ.

ಪಟ್ಟಿಯ ಅಳತೆಯ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಯಂತ್ರದ ಜೊತೆ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಹೊಂದುವಂಥದ್ದು. ತೋಳು ಅದಕ್ಕಿಂತ ದಪ್ಪವಿದ್ದರೆ ಚಿಕ್ಕ ಪಟ್ಟಿ ಇಲ್ಲದ ಬಿ.ಪಿ.ಯನ್ನು ತೋರಿಸಿ ಮನೆಮಂದಿಯನ್ನೆಲ್ಲ ಹೆದರಿಸುತ್ತದೆ; ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇರುವ ಬಿ.ಪಿ.ಯನ್ನು ಮುಚ್ಚಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ. ದರ್ಜಿಯ ಟೇಪಿನಿಂದ ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗದಲ್ಲಿ ಸುತ್ತಳತೆ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. ದೊಡ್ಡ ಪಟ್ಟಿ ಪ್ರತ್ಯೇಕವಾಗಿ ದೊರೆಯುತ್ತದೆಯೇ ಎಂಬುದನ್ನೂ ಅಲ್ಲಿಯೇ ಕೇಳಿ.

ಹಿಡಿಯುವ ಕ್ರಮವೂ ಅಷ್ಟೇ ಮುಖ್ಯ. ಮೊದಲು ಮೂತ್ರ ವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕಾಲನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಅರ್ಧ ಗಂಟೆಯೊಳಗೆ ಚಹಾ, ಕಾಫಿ ಕುಡಿದಿರಬಾರದು. ಪಟ್ಟಿಯನ್ನು ಬರಿತೋಳಿಗೇ ಸುತ್ತಬೇಕು, ಅದರ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಬೇಕು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಅಥವಾ ದಿಂಬಿನ ಮೇಲೆ ಒರಗಿರಬೇಕು. ಕೊನೆಯ ತಿಂಗಳುಗಳಲ್ಲಿ ಆಯಾಸವೆಂದು ಎಡಮಗ್ಗುಲಿಗೆ ಮಲಗಿದ್ದವಳ ಮೇಲಿನ ತೋಳಿಗೆ ಪಟ್ಟಿ ಸುತ್ತುವವರಿದ್ದಾರೆ. ಆ ತೋಳು ಹೃದಯಕ್ಕಿಂತ ಮೇಲಿರುವುದರಿಂದ ಅಂಕಿ ತಾನಾಗಿ ಕಡಿಮೆ ಬರುತ್ತದೆ. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಹಿಡಿದು ಎರಡನ್ನೂ ಬರೆಯಬೇಕು. ನಮ್ಮ ಯಂತ್ರದ ಸ್ಮರಣೆಯಲ್ಲಿ ಹಿಂದಿನ ಅಂಕಿಗಳು ಉಳಿಯುತ್ತಿದ್ದವಾದರೂ ಮಾವನವರ ಬಿ.ಪಿ.ಯೂ ಅದರಲ್ಲೇ ಸೇರಿಹೋಗಿತ್ತು. ದಿನಾಂಕ, ಹೊತ್ತು, ಅಂಕಿ ಎಂದು ಮೂರು ಗೆರೆ ಎಳೆದ ಶಾಲಾ ನೋಟುಬುಕ್ಕೇ ಕೊನೆಗೆ ವೈದ್ಯೆಯ ಮೇಜಿನ ಮೇಲೆ ಕೆಲಸಕ್ಕೆ ಬಂತು. ಆ ಪುಟಗಳಲ್ಲಿ ವಾರದಿಂದ ವಾರಕ್ಕೆ ಕೆಳಗಿನ ಅಂಕಿ 70ರ ಆಸುಪಾಸಿನಿಂದ 80ಕ್ಕೆ, 80ರಿಂದ 88ಕ್ಕೆ ಏರುತ್ತ ಬಂದದ್ದನ್ನು ಅವರು ಪೆನ್ನಿನ ತುದಿಯಿಂದ ತೋರಿಸಿದಾಗ, 90 ದಾಟುವ ಮೊದಲೇ ದಾರಿ ಕಾಣುತ್ತಿತ್ತೆಂಬುದು ನನಗೆ ತಿಳಿಯಿತು.

ಗೋಕಾಕಿಗೂ ಇಂಥ ಯಂತ್ರಕ್ಕೂ ಹಳೆಯ ನಂಟಿದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರ ನೇತೃತ್ವದಲ್ಲಿ ರೂಪುಗೊಂಡ, ಮೈಕ್ರೋಲೈಫ್ ಕಂಪನಿ ತಯಾರಿಸುವ ಕ್ರೇಡಲ್ ಎಂಬ ಯಂತ್ರವನ್ನು 2016–17ರಲ್ಲಿ ಆಫ್ರಿಕಾದ ಹಲವು ದೇಶಗಳು, ಹೈಟಿ ಮತ್ತು ಭಾರತ ಸೇರಿ 10 ಕಡೆ ಪ್ರಯೋಗಿಸಿದಾಗ, ಅವುಗಳಲ್ಲಿ ಒಂದು ಗೋಕಾಕವೇ ಆಗಿತ್ತು. ಆ ಯಂತ್ರ ಅಂಕಿಯ ಜೊತೆಗೆ ಹಸಿರು, ಹಳದಿ, ಕೆಂಪು ದೀಪವನ್ನೂ ತೋರಿಸುತ್ತದೆ: ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಹಳದಿ, 160 ಅಥವಾ 110 ಮುಟ್ಟಿದರೆ ಕೆಂಪು. ಹೆರಿಗೆಯ ನಂತರ ರಕ್ತಸ್ರಾವದಿಂದ ತಾಯಿ ಕುಸಿಯುತ್ತಿದ್ದರೆ ಅದನ್ನೂ ನಾಡಿ ಬಡಿತ ಮತ್ತು ಒತ್ತಡದ ಅನುಪಾತದಿಂದ ಗುರುತಿಸುತ್ತದೆ. ಅಂಕಿಯ ಅರ್ಥ ಗೊತ್ತಿಲ್ಲದ ಮನೆಯವರಿಗೂ ದೀಪದ ಬಣ್ಣ ಅರ್ಥವಾಗುತ್ತದೆ. ಮಾಮೂಲಿ ಯಂತ್ರಗಳಲ್ಲಿ ನಾನು ಕಂಡ ದೊಡ್ಡ ಕೊರತೆಯನ್ನು ಇದು ತುಂಬುತ್ತದೆ. ಆದರೂ ಲಕ್ಷಾಂತರ ಹೆರಿಗೆಗಳನ್ನು ಒಳಗೊಂಡ ಆ ಪ್ರಯೋಗದ ಕೊನೆಯಲ್ಲಿ, ಯಂತ್ರ ಬಂದದ್ದರಿಂದಲೇ ತಾಯಂದಿರ ಸಾವು, ಫಿಟ್ಸ್ ಇಳಿದವೆಂದು ಖಚಿತವಾಗಿ ಹೇಳಲಾಗಲಿಲ್ಲ. ಕೆಂಪು ದೀಪ ಹೊತ್ತಿದ ಮೇಲೆ ವಾಹನ ಬೇಕು, ಔಷಧ ಬೇಕು, ರಾತ್ರಿ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಬೇಕು. ಹಾಗಾಗಿ ಯಂತ್ರ ಮನೆಗೆ ಬಂದ ದಿನವೇ ಯಾವ ಆಸ್ಪತ್ರೆಗೆ ಹೋಗುವುದು, 108 ಬರುವುದು ತಡವಾದರೆ ಯಾರ ಗಾಡಿ, ಯಾರ ರಕ್ತದ ಗುಂಪು ಹೊಂದುತ್ತದೆ ಎಂಬುದನ್ನು ಗಂಡನಾದವನು ಗೊತ್ತು ಮಾಡಿಕೊಳ್ಳಬೇಕು. ಪ್ರತಿ ತಿಂಗಳು 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ನೋಟುಬುಕ್ಕನ್ನು ಅಲ್ಲಿಗೂ ಒಯ್ಯಿರಿ.

ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸಲು ಲ್ಯಾಬೆಟಲಾಲ್ ಕೊಟ್ಟರು, ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ತಲೆನೋವು ಶುರುವಾದಾಗ ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಹಾಕಿದರು. ಆ ಔಷಧ ಮೈಯಲ್ಲಿ ಹೆಚ್ಚಾದರೆ ಉಸಿರಾಟವೇ ನಿಲ್ಲಬಹುದಾದ್ದರಿಂದ ನರ್ಸ್ ಒಬ್ಬರು ಮತ್ತೆ ಮತ್ತೆ ಬಂದು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುತ್ತದೆಯೇ ಎಂದು ನೋಡುತ್ತಿದ್ದರು, ಉಸಿರನ್ನು ಎಣಿಸುತ್ತಿದ್ದರು, ಮೂತ್ರದ ಚೀಲದ ಗೆರೆಯನ್ನು ಬರೆದುಕೊಳ್ಳುತ್ತಿದ್ದರು. ಬಾಗಿಲ ಬಳಿ ನಿಂತು ಆ ಕಾಲು ಚಿಮ್ಮುವುದನ್ನು ಕಾಯುವಾಗಿನ ಭಯ ಇಂದಿಗೂ ನನ್ನ ಮೈಯಲ್ಲಿದೆ. ಸ್ಟೀರಾಯ್ಡ್ ಪೂರ್ತಿಯಾದ ಮೇಲೆ ಸಿಸೇರಿಯನ್ ಮಾಡಿದರು. ಎರಡು ಕೆ.ಜಿ.ಯೂ ತೂಗದ ಮಗಳು ಶಿಶು ಘಟಕದಲ್ಲಿದ್ದು, ಕಾಂಗರೂ ಆರೈಕೆಯಲ್ಲಿ ಅಮ್ಮನ ಎದೆಗೂ ನನ್ನ ಎದೆಗೂ ಅಂಟಿಕೊಂಡು ತೂಕ ಪಡೆದಳು. ಇಬ್ಬರೂ ಈಗ ಕ್ಷೇಮ.

ಹೆರಿಗೆಯಾದ ಮೇಲೆಯೂ ಯಂತ್ರವನ್ನು ಡಬ್ಬಿಗೆ ಹಾಕಬೇಡಿ ಎಂದು ವೈದ್ಯೆ ಹೇಳಿದ್ದು ಈ ವಿಮರ್ಶೆಯನ್ನು ಬರೆಯಲು ದೊಡ್ಡ ಕಾರಣ. ಹೆರಿಗೆಯ ನಂತರದ ಮೂರರಿಂದ ಆರನೆಯ ದಿನದ ನಡುವೆ ಬಿ.ಪಿ. ಮತ್ತೆ ಏರುವುದುಂಟು, ಬಾಣಂತಿಗೂ ಫಿಟ್ಸ್ ಬರುವುದುಂಟು. ಆಸ್ಪತ್ರೆಯಿಂದ ಮನೆಗೆ ಕಳಿಸುವುದೂ ಸರಿಸುಮಾರು ಅದೇ ಹೊತ್ತಿಗೆ. ಮಗುವಿನ ಸಡಗರದಲ್ಲಿ, ಬಾಣಂತನದ ಕೋಣೆಯ ಕತ್ತಲಿನಲ್ಲಿ, ಅವಳ ತಲೆನೋವನ್ನು ನಿದ್ದೆಗೇಡಿನ ಲೆಕ್ಕಕ್ಕೆ ಬರೆಯುವುದು ಬಹಳ ಸುಲಭ. ಬಹುಶಃ ಯಂತ್ರ ತನ್ನ ಬೆಲೆಯನ್ನು ಪೂರ್ತಿ ತೀರಿಸುವುದು ಈ ವಾರಗಳಲ್ಲೇ. ನಮ್ಮಲ್ಲಿ ಆರು ವಾರಗಳವರೆಗೆ ಬೆಳಿಗ್ಗೆ ಸಂಜೆ ಹಿಡಿದು, ಅಂಕಿ ಇಳಿದಂತೆ ವೈದ್ಯೆ ಮಾತ್ರೆಯನ್ನು ಕಡಿಮೆ ಮಾಡುತ್ತ ಬಂದರು. ಇನ್ನೊಂದು ಮಗುವಿನ ಯೋಚನೆ ಬಂದರೆ ಮೊದಲ ತಿಂಗಳುಗಳಲ್ಲೇ ತಮ್ಮ ಬಳಿ ಬರಬೇಕು, 12 ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡಬೇಕಾಗಬಹುದು ಎಂದೂ ಅವರು ಹೇಳಿದ್ದಾರೆ.

ಒಂದು ಎಚ್ಚರಿಕೆಯನ್ನು ಬರೆಯದೆ ಇರಲಾರೆ. ತೀವ್ರ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಂಜು, ಬಲಪಕ್ಕೆಯ ಕೆಳಗೆ ನೋವು, ಮಗುವಿನ ಚಲನೆ ಕುಗ್ಗಿದ್ದು, ಇವುಗಳಲ್ಲಿ ಒಂದಿದ್ದರೂ ಯಂತ್ರ 120/80 ತೋರಿಸಿತೆಂದು ಮನೆಯಲ್ಲಿ ಕೂರಬಾರದು. ಆ ಹೊತ್ತಿನಲ್ಲಿ ಅಂಕಿಗಿಂತ ಅವಳ ಮಾತಿಗೇ ಹೆಚ್ಚು ಬೆಲೆ. ಇನ್ನು ಉಳಿದದ್ದು ಸಣ್ಣ ಸಂಗತಿಗಳು: ಬ್ಯಾಟರಿ ಸೊರಗಿದರೆ ಪಟ್ಟಿ ಪೂರ್ತಿ ಬಿಗಿಯದೆ ತಪ್ಪು ಸೂಚನೆ ಬರುತ್ತದೆ, ಹಾಗಾಗಿ ಒಂದು ಜೊತೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, ಗಾಳಿಯ ನಳಿಕೆಯನ್ನು ಮಡಚಿ ಡಬ್ಬಿಗೆ ತುರುಕಬೇಡಿ, ಖರೀದಿಯ ರಸೀದಿಯನ್ನು ನೋಟುಬುಕ್ಕಿನ ಹಿಂಬದಿಗೆ ಅಂಟಿಸಿಡಿ, ವರ್ಷಕ್ಕೊಮ್ಮೆ ಆಸ್ಪತ್ರೆಯ ಮಾಪಕದೊಂದಿಗೆ ಹೋಲಿಸಿ ನೋಡಿದಾಗ ವ್ಯತ್ಯಾಸ ಕಂಡರೆ ಸೇವಾ ಕೇಂದ್ರದವರು ಮೊದಲು ಕೇಳುವುದು ಅದನ್ನೇ.