ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್: ಹತ್ತು ಸಾವಿರ ಕೊಟ್ಟು ಉತ್ತರ ಪಡೆಯುವುದು ಯಾವಾಗ ಸರಿ?

ಬೆಲ್ಲ, ಹಾಲಿನ ಪುಡಿ ಬೆರೆಸಿದ ರಾಗಿ ಮಿಕ್ಸ್‌ಗೆ ಎಷ್ಟು ತೆರಿಗೆ ಎಂದು ಸಹಾಯವಾಣಿಗೆ ಕೇಳಿದರೆ ಸಿಗುವುದು ಪೋರ್ಟಲ್ ಬಳಸುವ ಮಾಹಿತಿ ಮಾತ್ರ. ಎಲ್‌ಜಿಎಸ್‌ಟಿಒ (ಸ್ಥಳೀಯ ಜಿಎಸ್‌ಟಿ ಕಚೇರಿ) ಅಧಿಕಾರಿ ಬಾಯಲ್ಲಿ ಹೇಳಿದ್ದನ್ನು ನಾಳೆ ನೋಟಿಸ್ ಬಂದಾಗ ತೋರಿಸಲು ಆಗದು. ಇಲಾಖೆಯನ್ನೂ ಕಟ್ಟಿಹಾಕುವ ಲಿಖಿತ ಉತ್ತರ ಬೇಕಿದ್ದರೆ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೇ ಹೋಗಬೇಕು. ಕರ್ನಾಟಕದ್ದು ಬೆಂಗಳೂರಿನ ಗಾಂಧಿನಗರ, ಕಾಳಿದಾಸ ರಸ್ತೆಯ ವಾಣಿಜ್ಯ ತೆರಿಗೆ ಕಾರ್ಯಾಲಯದಲ್ಲಿದೆ. ಕೇಂದ್ರದ ಒಬ್ಬರು, ರಾಜ್ಯದ ಒಬ್ಬರು ಸದಸ್ಯರು ಕೂತು ಆದೇಶ ಕೊಡುತ್ತಾರೆ.

ಅರ್ಜಿ ನಮೂನೆ ಎಆರ್‌ಎ-01. ಸಲ್ಲಿಕೆ ಪೋರ್ಟಲ್‌ನಲ್ಲೇ. ಶುಲ್ಕ ಕೇಂದ್ರಕ್ಕೆ ₹5,000, ರಾಜ್ಯಕ್ಕೆ ₹5,000. ಇನ್ನೂ ನೋಂದಣಿ ಆಗದವರೂ ತಾತ್ಕಾಲಿಕ ಐಡಿ ಪಡೆದು ಕೇಳಬಹುದು. ಹೊಸ ವ್ಯಾಪಾರ ಶುರು ಮಾಡುವವರಿಗೆ ಇದು ದೊಡ್ಡ ಅನುಕೂಲ.

ಕೆಲಸ ಕೆಡುವುದು ಹೆಚ್ಚಾಗಿ ಪ್ರಶ್ನೆ ಬರೆಯುವಲ್ಲಿ. ಜಿಎಸ್‌ಟಿ ಕಾಯ್ದೆಯ ಕಲಂ 97(2)ರಲ್ಲಿ ಇರುವ ವಿಷಯಗಳನ್ನಷ್ಟೇ ಕೇಳಬಹುದು: ವರ್ಗೀಕರಣ, ಅಧಿಸೂಚನೆ ಅನ್ವಯಿಸುತ್ತದೆಯೇ, ಪೂರೈಕೆಯ (ಸರಕು ಮಾರುವ ಇಲ್ಲವೇ ಸೇವೆ ಕೊಡುವ ವ್ಯವಹಾರದ) ಸಮಯ ಮತ್ತು ಮೌಲ್ಯ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ), ತೆರಿಗೆ ಹೊಣೆ, ನೋಂದಣಿ, ಮಾಡುತ್ತಿರುವುದು ಪೂರೈಕೆಯೇ ಅಲ್ಲವೇ. ‘ನಮ್ಮ ಮಿಕ್ಸ್‌ಗೆ ದರ ಎಷ್ಟು?’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ತೆಳ್ಳಗಿರುತ್ತದೆ. ರಾಗಿ ಹಿಟ್ಟು ತೂಕದಲ್ಲಿ ಶೇ. ಎಷ್ಟು, ಬೆಲ್ಲ ಎಷ್ಟು, ಹುರಿದದ್ದೋ ಮೊಳಕೆ ಕಟ್ಟಿಸಿದ್ದೋ, ಬಿಡಿಯಾಗಿ ಮಾರುತ್ತೀರೋ ಲೇಬಲ್ ಹಚ್ಚಿದ ಪ್ಯಾಕೆಟ್‌ನಲ್ಲೋ, ಎಲ್ಲವನ್ನೂ ಬರೆದು ಲೇಬಲ್‌ನ ಪ್ರತಿ ಲಗತ್ತಿಸಿ. 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಮಂಡಳಿ ನಿರ್ಧರಿಸಿದಂತೆ, ತೂಕದಲ್ಲಿ ಕನಿಷ್ಠ ಶೇ. 70 ಸಿರಿಧಾನ್ಯವಿರುವ ಪುಡಿ ರೂಪದ ಆಹಾರ ಬಿಡಿಯಾಗಿ ಮಾರಿದರೆ ತೆರಿಗೆ ಸೊನ್ನೆ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ ಶೇ. 5. ರಾಗಿ 68 ಇದೆಯೋ 72 ಇದೆಯೋ ಎಂಬುದರ ಮೇಲೆ ದರವೇ ನಿಂತಿರುವಾಗ ‘ಸುಮಾರು’ ಎಂದು ಬರೆಯುವಂತಿಲ್ಲ.

ಅರ್ಜಿಯಲ್ಲಿ ನಿಮ್ಮ ಕಾನೂನು ವಾದಕ್ಕೂ ಜಾಗವಿದೆ. ಹಲವರು ಅದನ್ನು ಎರಡು ಸಾಲಲ್ಲಿ ಮುಗಿಸುತ್ತಾರೆ. ತೆರಿಗೆ ಪಟ್ಟಿಯ ಯಾವ ಶೀರ್ಷಿಕೆ, ಯಾವ ಅಧಿಸೂಚನೆ, ಎಷ್ಟನೇ ಕ್ರಮಸಂಖ್ಯೆ ಎಂದು ಹೆಸರಿಸಿ ವಾದಿಸಿದರೆ ವಿಚಾರಣೆ ದಿನ ಮಾತು ದಿಕ್ಕು ತಪ್ಪುವುದಿಲ್ಲ.

ತಿರಸ್ಕಾರವಾಗುವ ಅರ್ಜಿಗಳಲ್ಲಿ ಮೂರು ತಪ್ಪು ಮತ್ತೆಮತ್ತೆ ಕಾಣುತ್ತವೆ. ಮುಗಿದುಹೋದ ವ್ಯವಹಾರದ ಬಗ್ಗೆ ಕೇಳುವುದು. ಪ್ರಶ್ನೆ ನಡೆಯುತ್ತಿರುವ ಅಥವಾ ನಡೆಯಲಿರುವ ಪೂರೈಕೆಯದ್ದಾಗಿರಬೇಕು. ಮಾರುವವರ ತೆರಿಗೆ ಬಗ್ಗೆ ಕೊಳ್ಳುವವರು ಕೇಳುವುದು. ಮೂರನೆಯದು ಅಪಾಯದ್ದು: ಅದೇ ವಿಷಯದಲ್ಲಿ ನಿಮ್ಮ ಮೇಲೆ ಪ್ರಕ್ರಿಯೆ ಬಾಕಿಯಿದ್ದರೂ ಅರ್ಜಿ ಹಾಕುವುದು. ಅದನ್ನು ಮುಚ್ಚಿಟ್ಟು ಆದೇಶ ಪಡೆದರೆ ಕಲಂ 104ರ ಪ್ರಕಾರ ಆ ಆದೇಶವನ್ನೇ ಮೊದಲಿನಿಂದ ಅಸಿಂಧು ಎಂದು ಘೋಷಿಸಬಹುದು.

ಕಾನೂನು ಹೇಳುವ ಗಡುವು 90 ದಿನ. ಅದು ದಾಟುವುದುಂಟು, ಆದ್ದರಿಂದ ಉತ್ಪನ್ನ ಮಾರುಕಟ್ಟೆಗೆ ಬಿಡುವ ದಿನವನ್ನು ಇದಕ್ಕೆ ಕಟ್ಟಿಹಾಕಬೇಡಿ.

ಸೇವೆಯ ದೊಡ್ಡ ಕೊರತೆ ಬೇರೆಯೇ. ಆದೇಶ ಅರ್ಜಿದಾರರಿಗೂ ಅವರ ಅಧಿಕಾರಿಗೂ ಮಾತ್ರ ಅನ್ವಯ. 2020ರಲ್ಲಿ ಇದೇ ಪ್ರಾಧಿಕಾರ ಪ್ಯಾಕೆಟ್ ಪರೋಟ ‘ರೊಟ್ಟಿ’ಯ ಶೇ. 5ರ ಸಾಲಿಗೆ ಸೇರುವುದಿಲ್ಲ, ಶೇ. 18 ಎಂದಿತು. ಅದು ಕೇಳಿದ ಕಂಪನಿಗಷ್ಟೇ ಕೊಟ್ಟ ಉತ್ತರ. ಕೇಳದ ಪ್ರತಿಸ್ಪರ್ಧಿಗೆ ಆ ಆದೇಶ ನೇರವಾಗಿ ತಗಲಲಿಲ್ಲ. ಪರೋಟದ ತೆರಿಗೆ ಸೊನ್ನೆಯಾದದ್ದು 2025ರ ಸೆಪ್ಟೆಂಬರ್ 22ರಿಂದ. ಹಾಗೆಯೇ, ಮುಖ್ಯ ಕಚೇರಿಯ ನೌಕರರು ಬೇರೆ ರಾಜ್ಯದ ಶಾಖೆಗಳಿಗಾಗಿ ಮಾಡುವ ಕೆಲಸಕ್ಕೆ ತೆರಿಗೆ ಬೀಳುತ್ತದೆ ಎಂದು 2018ರಲ್ಲಿ ಒಂದು ಆಸ್ಪತ್ರೆ ಸಮೂಹಕ್ಕೆ ಉತ್ತರ ಸಿಕ್ಕಿತು. ಅದರ ಮೌಲ್ಯದಲ್ಲಿ ನೌಕರರ ಸಂಬಳ ಸೇರಿಸುವುದು ಕಡ್ಡಾಯವಲ್ಲ ಎಂಬ ಸ್ಪಷ್ಟನೆ ಬಂದದ್ದು 2023ರ ಜುಲೈ 17ರ 199ನೇ ಸುತ್ತೋಲೆಯಲ್ಲಿ.

ಆದ್ದರಿಂದ ನಮ್ಮ ಸಲಹೆ ನೇರ. ನಿಮ್ಮಂಥದ್ದೇ ಪ್ರಶ್ನೆಗೆ ಬೇರೆ ರಾಜ್ಯಗಳಲ್ಲಿ ಬಂದ ಆದೇಶಗಳನ್ನು ಮೊದಲು ಓದಿ. ಎಲ್ಲವೂ ಪ್ರತಿಕೂಲವಾಗಿದ್ದರೆ ಅರ್ಜಿ ಹಾಕಬೇಡಿ. ವಾದ ಗಟ್ಟಿಯಾಗಿದ್ದು, ವಹಿವಾಟು ದೊಡ್ಡದಿದ್ದು, ದರದ ವ್ಯತ್ಯಾಸ ಬೆಲೆಯನ್ನೇ ಅಲುಗಾಡಿಸುವಂತಿದ್ದರೆ ಹತ್ತು ಸಾವಿರ ದುಬಾರಿಯಲ್ಲ. ಉತ್ತರ ಒಪ್ಪಿಗೆಯಾಗದಿದ್ದರೆ ಆದೇಶ ಕೈಸೇರಿದ 30 ದಿನದೊಳಗೆ ಎಆರ್‌ಎ-02ರಲ್ಲಿ ಮೇಲ್ಮನವಿ ಹಾಕಬೇಕು. ಅದರ ಶುಲ್ಕ ಒಟ್ಟು ₹20,000, ಸಕಾರಣವಿದ್ದರೆ ಇನ್ನೂ 30 ದಿನದ ಅವಕಾಶವಿದೆ.